ಹಾಸು ಒಂದೇ, ಹೊಕ್ಕು ಬೇರೆ: ಬಾಗಲಕೋಟೆಯ ಅಕ್ಕ-ತಂಗಿಯರ ಒಂದು ಪ್ರಕರಣ

2021ರ ನವೆಂಬರ್ ತಿಂಗಳ ಒಂದು ಸಂಜೆ ನವನಗರದ ನನ್ನ ದವಾಖಾನೆಗೆ ನಾಲ್ಕು ಮಂದಿ ಒಟ್ಟಿಗೇ ಬಂದರು. ಒಬ್ಬ ಆಟೋದವನು, ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇಟ್ಟುಕೊಂಡ ನಲವತ್ತಾರರ ಗಂಡಸು, ಆತನ ತಾಯಿ, ತಾಯಿಯ ತಂಗಿ. ತಾಯಿಯ ಸೀರೆ ಮೊಣಕಾಲಿನವರೆಗೆ ತೊಯ್ದಿತ್ತು. ಹಳೇ ಬಾಗಲಕೋಟೆಯ ಅಂಚಿನಲ್ಲಿ, ಹಿನ್ನೀರು ಶುರುವಾಗುವ ಕಡೆ, ನೀರಿಗಿಳಿದು ನಿಂತು ‘ನಮ್ಮ ಮನಿ ಎಲ್ಲೆ ಹೋತು’ ಎಂದು ಹೋಗುವ ಬರುವವರನ್ನೆಲ್ಲ ಕೇಳುತ್ತಿದ್ದರಂತೆ. ಆಟೋದವನಿಗೆ ಮಗನ ಅಂಗಡಿಯ ಗುರುತಿತ್ತು, ಕೂರಿಸಿಕೊಂಡು ಬಂದಿದ್ದ.

“ಮೊದಲ ನನಗೂ ಏನ ಹೇಳಬೇಕಂತ ತಿಳೀಲಿಲ್ರಿ ಸಾಹೇಬ್ರ,” ಅಂದ ಆತ. “ಆಕಿ ಹೇಳೋದು ಖರೇನ ಇತ್ತು. ಅವರ ಮನಿ ಅಲ್ಲೇ ಇತ್ರಿ.”

ಅಲ್ಲೇ ಇತ್ತು. ಆಲಮಟ್ಟಿಯಲ್ಲಿ ನೀರು ನಿಲ್ಲಿಸಿದಂತೆ ಘಟಪ್ರಭೆಯ ದಂಡೆಯ ಓಣಿಗಳು ಒಂದೊಂದಾಗಿ ಮುಳುಗಿದವು, ಮಂದಿ ನವನಗರದ ಸೆಕ್ಟರುಗಳಿಗೆ ಬಂದರು. ‘ಹಳೇ ಮನಿಗೆ ಹೋಗ್ತೀನಿ’ ಅನ್ನುವ ಹಿರಿಯರು ನಮ್ಮೂರಲ್ಲಿ ಓಣಿಗೊಬ್ಬರಿದ್ದಾರೆ. ಅದು ಹಂಬಲವೋ ಕಾಯಿಲೆಯೋ ಎಂದು ಮನೆಯವರಿಗೆ ಬೇಗ ಹೊಳೆಯುವುದಿಲ್ಲ. ನಮಗೂ ಹೊಳೆಯುವುದಿಲ್ಲ. ಈ ಮನೆಯವರು ಎರಡು ವರ್ಷ ಇದನ್ನು ಹಂಬಲ ಎಂದೇ ತಿಳಿದಿದ್ದರು.

ಮುಂದೆ ಬರೆಯುವುದು ಇದೇ ಮನೆತನದ ಕಥೆ. ಗುರುತು ಸಿಗದಂತೆ ವಯಸ್ಸು, ಕಸುಬು, ಜಾಗಗಳಲ್ಲಿ ಅಲ್ಪಸ್ವಲ್ಪ ಬದಲಿಸಿದ್ದೇನೆ. ಹೆಸರಿನ ಬದಲು ಅಕ್ಕ, ತಂಗಿ, ಮಗ, ತಂಗಿಯ ಮಗಳು ಎಂದೇ ಕರೆಯುತ್ತೇನೆ.

ಇಬ್ಬರ ಬದುಕು

ಅಕ್ಕನಿಗೆ ಆಗ 68, ತಂಗಿಗೆ 64. ಒಂದೇ ತಾಯಿ ತಂದೆ, ಮುಳುಗಿದ ಆ ಮನೆಯ ಒಂದೇ ಒಲೆಯ ಮುಂದೆ ಬೆಳೆದವರು. ಅಕ್ಕನನ್ನು ಎರಡನೇ ಇಯತ್ತೆಗೇ ಸಾಲಿ ಬಿಡಿಸಿದರು, ತಮ್ಮ ತಂಗಿಯರನ್ನು ಎತ್ತಿಕೊಳ್ಳಲು ಕೈ ಬೇಕಿತ್ತು. ಹದಿನಾರಕ್ಕೆ ಗುಳೇದಗುಡ್ಡದ ನೇಕಾರರ ಮನೆಗೆ ಕೊಟ್ಟರು. ಅಲ್ಲಿ ಮೂವತ್ತು ಚಿಲ್ಲರೆ ವರ್ಷ ನೂಲಿನ ಕಂಡಿಕೆ ಸುತ್ತಿದರು, ಖಣ ಎಂಬ ಕುಪ್ಪಸದ ಬಟ್ಟೆ ಮಡಚಿ ಕಟ್ಟಿದರು, ಮಹಾರಾಷ್ಟ್ರದಿಂದ ಬರುವ ವ್ಯಾಪಾರಿಗಳ ಜೊತೆ ಮರಾಠಿಯಲ್ಲಿ ಚೌಕಾಸಿ ಮಾಡಿದರು. ಕೈಮಗ್ಗ ಹೋಗಿ ಪವರ್‌ಲೂಮ್ ಬಂದ ಮೇಲೆ ಅದರ ಸದ್ದು ಗೋಡೆಯ ಆಚೆಯಿಂದ ಹಗಲು ರಾತ್ರಿ. ನಲವತ್ತೆಂಟಕ್ಕೆ ಸಕ್ಕರೆ ಕಾಯಿಲೆ ಗೊತ್ತಾಯಿತು. ಬಿಪಿಯೂ ಇತ್ತು, ಆದರೆ ‘ತಲಿ ತಿರಗಿದಾಗ ಅಷ್ಟ’ ಗುಳಿಗೆ. 2012ರಲ್ಲಿ ಗಂಡ ತೀರಿಕೊಂಡ ಮೇಲೆ ನವನಗರಕ್ಕೆ, ಮಗನ ಮನೆಗೆ ಬಂದರು. ಗುಳೇದಗುಡ್ಡದಲ್ಲಿ ಬಾಗಿಲು ತೆರೆದರೆ ಕಟ್ಟೆ, ಕಟ್ಟೆಯ ಮೇಲೆ ಹತ್ತು ಜನ. ಇಲ್ಲಿ ಕಂಪೌಂಡು, ಗೇಟು, ಗೇಟಿನ ಆಚೆ ಅಗಲ ರಸ್ತೆ. ಸೊಸೆಯೂ ಅಂಗಡಿಗೆ ಹೋಗುತ್ತಾಳೆ. ಇಡೀ ದಿನ ಟಿವಿ.

ತಂಗಿ ಹುಟ್ಟುವ ಹೊತ್ತಿಗೆ ಮನೆಯ ಸ್ಥಿತಿ ಸ್ವಲ್ಪ ಸುಧಾರಿಸಿತ್ತು. ಆಕೆಯನ್ನು ಓದಿಸಿದರು. ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಮಾಡಿ, ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿ ನಿವೃತ್ತರಾದರು. ಊರಿನವರಿಗೆ ಇಂದಿಗೂ ‘ಅಕ್ಕೋರು’, ಅಂದರೆ ಟೀಚರು. ನಲವತ್ತೈದರಲ್ಲಿ ಬಿಪಿ ಕಾಣಿಸಿತು. ಅಂದಿನಿಂದ ದಿನಕ್ಕೊಂದು ಗುಳಿಗೆ, ತಪ್ಪಿಸಿಲ್ಲ. ಭಜನಾ ಮಂಡಳಿ, ದಿನಪತ್ರಿಕೆಯ ಪದಬಂಧ, ಮೊಮ್ಮಕ್ಕಳಿಗೆ ಫೋನಿನಲ್ಲಿ ಮಗ್ಗಿ ಒಪ್ಪಿಸುವ ಶಿಕ್ಷೆ. ನಡೆಯುವುದೆಂದರೆ ಇವರಿಗೆ ವ್ಯಾಯಾಮ ಅಲ್ಲ, ಸ್ವಭಾವ.

ಇನ್ನು ಇವರ ತಾಯಿ. “ನಮ್ಮವ್ವಗೂ ಅರವತ್ತೈದರ ಮ್ಯಾಲ ಹಿಂಗ ಆಗಿತ್ರಿ,” ಎಂದರು ತಂಗಿ. “ರೊಟ್ಟಿ ಒಯ್ದು ಟ್ರಂಕಿನ್ಯಾಗ ಸೀರಿ ನಡುವ ಮುಚ್ಚಿಡತಿದ್ಲು. ಅರಳು ಮರಳು ಅಂತ ಬಿಟ್ವಿ.” ಅರವತ್ತಕ್ಕೆ ಅರಳು ಮರಳು ಎಂಬ ಗಾದೆ ನಮ್ಮಲ್ಲಿ ಎಷ್ಟು ಜನರನ್ನು ದವಾಖಾನೆಗೆ ಬರದಂತೆ ತಡೆದಿದೆಯೋ! 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಟ್ಟದ ಅಧ್ಯಯನದ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ ಡಿಮೆನ್ಶಿಯಾ, ಅಂದರೆ ದಿನದ ಬದುಕನ್ನೇ ಕೆಡಿಸುವ ಮರೆವಿನ ಕಾಯಿಲೆ, ಇದೆ, ಸುಮಾರು 88 ಲಕ್ಷ ಜನ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. ಉಳಿದ 92 ಮಂದಿಗೆ ಇಲ್ಲ ಎಂಬುದನ್ನೂ ಇದೇ ಅಂಕಿ ಹೇಳುತ್ತದೆ. ಮರೆವು ವಯಸ್ಸಿನ ಹುಟ್ಟುಗುಣವಾಗಿದ್ದರೆ ಹೀಗಿರುತ್ತಿರಲಿಲ್ಲ.

ಪರೀಕ್ಷೆ, ಮತ್ತು ನಾನು ಮಾಡಿದ ತಪ್ಪು

ಎರಡನೇ ಇಯತ್ತೆಯವರೆಗೆ ಓದಿದವರಿಗೆ ಗಡಿಯಾರದ ಚಿತ್ರ ಬಿಡಿಸಿ ಎನ್ನುವುದು ಪರೀಕ್ಷೆಯಲ್ಲ, ಅವಮಾನ. ಓದು ಬರಹ ಬಾರದವರಿಗೆಂದೇ ಹೊಂದಿಸಿದ ಪ್ರಶ್ನಾವಳಿ ಇದೆ, ಅದನ್ನು ಬಳಸಿದೆ. ನಿಂಬೆಹಣ್ಣು, ಕೀಲಿ, ಕುದುರೆ ಎಂದು ಮೂರು ಹೆಸರು ಹೇಳಿದೆ. ಐದು ನಿಮಿಷದ ಮೇಲೆ ಕೇಳಿದರೆ ಒಂದೂ ಬರಲಿಲ್ಲ. ಸುಳಿವು ಕೊಟ್ಟರೂ ಬರಲಿಲ್ಲ. ವಾರ ತಪ್ಪಾಯಿತು, ತಿಂಗಳಿಗೆ ‘ದಸರಾ ಮುಂದ ಐತಿ’ ಎಂದರು, ದಸರಾ ಮುಗಿದು ಬಹಳ ದಿನವಾಗಿತ್ತು. 30ಕ್ಕೆ 14.

ಆಮೇಲೆ ಮೇಜಿನ ಡ್ರಾಯರಿನಲ್ಲಿದ್ದ ಒಂದು ತುಂಡು ಖಣ ಅವರ ಕೈಗೆ ಕೊಟ್ಟೆ. ಯಾರೋ ಮದುವೆಯಲ್ಲಿ ಕೊಟ್ಟದ್ದು. ಆ ತನಕ ಮಡಿಲಲ್ಲಿ ಸುಮ್ಮನಿದ್ದ ಬೆರಳುಗಳು ಎದ್ದವು. ಹೆಬ್ಬೆರಳಿನಿಂದ ಅಂಚು ತಡವಿದರು, ಬಟ್ಟೆ ತಿರುಗಿಸಿ ಹಿಂಬದಿ ನೋಡಿದರು, ಮೂಗಿನ ಹತ್ತಿರ ಹಿಡಿದರು. “ಇದು ಮಷಿನಿಂದು,” ಅಂದರು. ಎಷ್ಟಕ್ಕೆ ಕೊಡ್ತೀರಿ ಎಂದು ಕೇಳಿದೆ. ತಟ್ಟನೆ ಮರಾಠಿಯಲ್ಲಿ “ಪಾವಣೇದೋನಶೇ” ಎಂದು ನಕ್ಕರು. ಎರಡು ನೂರಕ್ಕೆ ಇಪ್ಪತ್ತೈದು ಕಡಿಮೆ. ಇಂದಿನ ತಾರೀಖು ಕಳೆದುಕೊಂಡವರ ಕೈಯಲ್ಲಿ ಇನ್ನೂ ಮೂವತ್ತು ವರ್ಷದ ಕಸುಬು ಇತ್ತು. ಡಿಮೆನ್ಶಿಯಾ ತರುವ ಕಾಯಿಲೆಗಳಲ್ಲಿ ಹೆಚ್ಚು ಕಾಣುವ ಅಲ್ಝೈಮರ್‌ನ ರೀತಿಯೇ ಹಾಗೆ: ಮಿದುಳಿನಲ್ಲಿ ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್‌ಗೆ ಮೊದಲ ಪೆಟ್ಟು, ಕೈಗೆ ಹತ್ತಿದ ಕೆಲಸಕ್ಕೆ ಬಹಳ ತಡವಾಗಿ.

ನನ್ನ ತಪ್ಪು ಇಲ್ಲಿದೆ. ಆ 14 ಅಂಕ ಬರೆದುಕೊಂಡು ಮುಂದಿನ ತಪಾಸಣೆಗೆ ಹೋದೆ. ಮೂರು ವಾರದ ಮೇಲೆ ತಂಗಿಯೇ ಹೇಳಿದರು: “ಡಾಕ್ಟರ್ ಸಾಹೇಬ್ರ, ನೀವು ಮಾಸ್ಕ್ ಹಾಕ್ಕೊಂಡು ಕೇಳಿದ್ರಲ್ಲ, ಅಕ್ಕಗ ಅರ್ಧ ಕೇಳೇ ಇಲ್ಲ. ಆಕಿ ತುಟಿ ನೋಡಿ ತಿಳಕೋತಾಳ್ರಿ.” ಕೋವಿಡ್ ಕಾಲ, ಎಲ್ಲರ ಮುಖದ ಮೇಲೂ ಮಾಸ್ಕ್. ಕಿವಿ ತೋರಿಸಿದಾಗ ಗುಗ್ಗೆ ತೆಗೆದ ಮೇಲೂ ಎರಡೂ ಕಿವಿಯಲ್ಲಿ ಮಧ್ಯಮ ಮಟ್ಟದ ಕಿವುಡು ಉಳಿದಿತ್ತು. ಮಗ್ಗದ ಸದ್ದಿನ ಪಾಲು ಅದರಲ್ಲಿ ಇರಲೇಬೇಕು. ಮಾಸ್ಕ್ ತೆಗೆದು, ಎದುರು ಕೂತು, ಗಟ್ಟಿಯಾಗಿ ಕೇಳಿದಾಗ 17 ಬಂತು. ಕಾಯಿಲೆ ಇತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಮೂರು ಅಂಕ ಮಿದುಳಿನದಲ್ಲ, ಕಿವಿಯದಾಗಿತ್ತು. ಮೂವತ್ತು ವರ್ಷ ಈ ಕೆಲಸ ಮಾಡಿದವನಿಗೆ ನಿವೃತ್ತ ಅಕ್ಕೋರು ಪಾಠ ಹೇಳಬೇಕಾಯಿತು.

ಉಳಿದ ವರದಿಗಳನ್ನು ಬೇಗ ಹೇಳಿಬಿಡುತ್ತೇನೆ. ಬಿಪಿ 172/98. ಮೂರು ತಿಂಗಳ ಸರಾಸರಿ ಸಕ್ಕರೆ, ಅಂದರೆ ಎಚ್‌ಬಿಎ1ಸಿ, 9.8. ಕೆಟ್ಟ ಕೊಬ್ಬು ಎಲ್‌ಡಿಎಲ್ 162. ಥೈರಾಯ್ಡ್ ಸರಿ ಇತ್ತು. ಬಿ12 ಜೀವಸತ್ವ ತೀರ ಕಡಿಮೆ. ಬಿ12 ಕೊರತೆಯೊಂದೇ ಮರೆವು ತರಬಲ್ಲದು, ಹಾಗಾಗಿ ಮೊದಲು ಇಂಜೆಕ್ಷನ್ ಕೊಟ್ಟು ಕಾದೆವು. ಸುಸ್ತು ಇಳಿಯಿತು, ಮುಖದಲ್ಲಿ ಕಳೆ ಬಂತು, ನೆನಪು ಬರಲಿಲ್ಲ. ಎಂಆರ್‌ಐಯಲ್ಲಿ ಹಿಪೊಕ್ಯಾಂಪಸ್ ಎರಡೂ ಕಡೆ ಕುಗ್ಗಿತ್ತು, ಜೊತೆಗೆ ಸಣ್ಣ ರಕ್ತನಾಳಗಳ ಹಾನಿಯ ಬಿಳಿ ಚುಕ್ಕೆಗಳು. ಹುಬ್ಬಳ್ಳಿಯ ನರರೋಗ ತಜ್ಞರು ನೋಡಿ ಅಲ್ಝೈಮರ್ ಇರುವ ಸಂಭವ ಹೆಚ್ಚು, ರಕ್ತನಾಳದ ಪಾಲೂ ಇದೆ ಎಂದು ಬರೆದರು. ಈ ವಯಸ್ಸಿನಲ್ಲಿ ಶುದ್ಧ ಅಲ್ಝೈಮರ್‌ಗಿಂತ ಇಂಥ ಮಿಶ್ರ ಚಿತ್ರವೇ ಹೆಚ್ಚಾಗಿ ಸಿಗುತ್ತದೆ. ಡೊನೆಪೆಝಿಲ್ 5 ಮಿಲಿಗ್ರಾಂ ಶುರುವಾಯಿತು, ಆಮೇಲೆ 10. ಅದು ಕಾಯಿಲೆಯನ್ನು ನಿಲ್ಲಿಸುವ ಔಷಧವಲ್ಲ, ಲಕ್ಷಣಗಳನ್ನು ಕೆಲಕಾಲ ಹಿಡಿದಿಡುತ್ತದೆ ಎಂದು ಮೊದಲೇ ಹೇಳಿದ್ದೆ.

ಪುಣೆಯಿಂದ ಬಂದ ಕಾಗದ

2022ರ ಬೇಸಿಗೆಯಲ್ಲಿ ತಂಗಿಯ ಮಗಳು ರಜೆಗೆ ಬಂದಳು. ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸ, ವಯಸ್ಸು 38. ಯಾರನ್ನೂ ಕೇಳದೆ ಒಂದು ಖಾಸಗಿ ಲ್ಯಾಬಿಗೆ ಉಗುಳು ಕಳಿಸಿ ಜೀನ್ ಪರೀಕ್ಷೆ ಮಾಡಿಸಿಕೊಂಡಿದ್ದಳು. ಎಪಿಒಇ ಜೀನು, ಇ3/ಇ4. ನಾಲ್ಕು ರಾತ್ರಿ ನಿದ್ದೆ ಮಾಡಿಲ್ಲ ಎಂದಳು. “ಅಜ್ಜಿಗೆ ಬಂತು, ದೊಡ್ಡವ್ವಗ ಬಂತು. ಅವ್ವಗೂ ನನಗೂ ಬರೋದು ಬರದಬಿಟ್ಟೈತಿ ಅಂದಂಗ ಆತಲ್ರಿ ಸರ್?”

ಈ ಪ್ರಶ್ನೆಗೆ ಅವಸರದಲ್ಲಿ ಉತ್ತರ ಹೇಳಬಾರದು. ಕುರ್ಚಿ ಎಳೆದುಕೊಂಡು ಕೂತೆವು.

ಅಲ್ಝೈಮರ್ ತರುವ ಜೀನುಗಳಲ್ಲಿ ಎರಡು ಜಾತಿ. ಮೊದಲನೆಯದು ಅಪರೂಪ: ಎಪಿಪಿ, ಪ್ರೆಸೆನಿಲಿನ್-1, ಪ್ರೆಸೆನಿಲಿನ್-2 ಎಂಬ ಮೂರು ಜೀನುಗಳಲ್ಲಿ ದೋಷ. ಇಂಥ ಮನೆತನಗಳಲ್ಲಿ ಕಾಯಿಲೆ ಮೂವತ್ತು, ನಲವತ್ತು, ಐವತ್ತರಲ್ಲೇ ಬರುತ್ತದೆ, ದೋಷ ಬಂದವರಿಗೆ ಹೆಚ್ಚುಕಡಿಮೆ ಖಚಿತ. ಒಟ್ಟು ಅಲ್ಝೈಮರ್ ರೋಗಿಗಳಲ್ಲಿ ಇವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಈ ಮನೆಯಲ್ಲಿ ತಾಯಿಗೂ ಅಕ್ಕನಿಗೂ ಅರವತ್ತೈದರ ಆಚೀಚೆ ಬಂದದ್ದರಿಂದ ಆ ದಾರಿ ಹಿಡಿಯುವ ಕಾರಣವಿರಲಿಲ್ಲ.

ಎರಡನೆಯದು ಅಪಾಯದ ಜೀನು. ಅದರಲ್ಲಿ ದೊಡ್ಡದು ಎಪಿಒಇ, ಹತ್ತೊಂಬತ್ತನೇ ಕ್ರೋಮೋಸೋಮಿನಲ್ಲಿದೆ. ಅಲ್ಝೈಮರ್‌ಗೂ ಇದಕ್ಕೂ ಇರುವ ನಂಟು ಗೊತ್ತಾದದ್ದು 1993ರಲ್ಲಿ. ಇದು ಮಾಡಿಕೊಡುವ ಪ್ರೋಟೀನು ಕೊಬ್ಬು ಸಾಗಿಸುವ ಹಮಾಲ. ಮಿದುಳಿನ ಕೋಶಗಳಿಗೆ ಕೊಲೆಸ್ಟರಾಲ್ ಮುಟ್ಟಿಸುತ್ತದೆ, ಅಮಿಲಾಯ್ಡ್ ಎಂಬ ಜಿಗುಟು ಪ್ರೋಟೀನನ್ನು ತೊಳೆದು ಹಾಕುವುದರಲ್ಲೂ ಕೈ ಹಾಕುತ್ತದೆ. 299 ಅಮೈನೋ ಆಮ್ಲಗಳ ಸರ ಅದು. ಇ3ಕ್ಕೂ ಇ4ಕ್ಕೂ ಇರುವ ವ್ಯತ್ಯಾಸ ಒಂದೇ ಮಣಿ, 112ನೆಯದು. ಅಷ್ಟರಿಂದಲೇ ಇ4 ಹಮಾಲ ಕೆಲಸದಲ್ಲಿ ಸ್ವಲ್ಪ ಹಿಂದೆ. ಇ2 ಎಂಬ ಮೂರನೆಯ ಬಗೆಯೂ ಇದೆ, ಅದು ರಕ್ಷಣೆಯ ಕಡೆಯದು. ತಾಯಿಯಿಂದ ಒಂದು, ತಂದೆಯಿಂದ ಒಂದು ಹೀಗೆ ಪ್ರತಿಯೊಬ್ಬರಲ್ಲೂ ಎರಡು ಪ್ರತಿ. ಒಂದು ಇ4 ಇದ್ದರೆ ಅಪಾಯ ಎರಡು ಮೂರು ಪಟ್ಟು, ಎರಡೂ ಇ4 ಆದರೆ ಎಂಟರಿಂದ ಹನ್ನೆರಡು ಪಟ್ಟು ಎನ್ನುವ ಲೆಕ್ಕ ಬಹುಪಾಲು ಯುರೋಪಿಯನ್ ಮೂಲದವರನ್ನು ನೋಡಿ ಬಂದದ್ದು. ಇ4 ಇದ್ದೂ ಎಂಬತ್ತೈದಕ್ಕೆ ಚುರುಕಾಗಿರುವವರಿದ್ದಾರೆ, ಅಲ್ಝೈಮರ್ ಬಂದವರಲ್ಲಿ ಇ4 ಇಲ್ಲದವರೂ ಬೇಕಾದಷ್ಟು ಜನ. ಅದಕ್ಕೇ ಲಕ್ಷಣವಿಲ್ಲದವರಿಗೆ ಈ ಪರೀಕ್ಷೆಯನ್ನು ವಾಡಿಕೆಯಾಗಿ ಯಾರೂ ಬರೆದುಕೊಡುವುದಿಲ್ಲ.

ಮಗಳ ಒತ್ತಾಯಕ್ಕೆ ತಂಗಿಯೂ ಪರೀಕ್ಷೆ ಮಾಡಿಸಿಕೊಂಡರು. ಅಕ್ಕನದೂ ಕಳಿಸೋಣ ಎಂದಾಗ ನಾನು ಬೇಡ ಎಂದೆ. ಅವರ ಚಿಕಿತ್ಸೆ ಅದರಿಂದ ಬದಲಾಗುವುದಿಲ್ಲ, ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಅವರಿಲ್ಲ, ಗೊತ್ತಾಗುವುದು ಅವರ ಮಕ್ಕಳ ಭವಿಷ್ಯದ ಒಂದು ತುಣುಕು. ಮಗ ಸಹಿ ಹಾಕಿದ, ಕಳಿಸಿದರು. ಈ ಬರಹ ಸಾಧ್ಯವಾದದ್ದು ಆ ಸಹಿಯಿಂದ ಎಂಬುದು ನನಗೆ ಇಂದಿಗೂ ಸ್ವಲ್ಪ ಮುಜುಗರದ ವಿಷಯ. ವರದಿ ಬಂತು: ಅಕ್ಕ ಇ3/ಇ4, ತಂಗಿ ಇ3/ಇ4.

ಒಂದೇ ಜೀನು. ಒಬ್ಬರು ನೀರಿನಲ್ಲಿ ನಿಂತು ಮನೆ ಹುಡುಕುತ್ತಿದ್ದರು, ಇನ್ನೊಬ್ಬರು ನನ್ನ ತಪ್ಪು ತಿದ್ದುತ್ತಿದ್ದರು.

ತಂಗಿ ಎರಡೂ ಕಾಗದ ಪಕ್ಕಪಕ್ಕ ಇಟ್ಟು ನೋಡಿ ಅಂದರು: “ಹಾಸು ಒಂದ ಐತಿ. ಹೊಕ್ಕು ಬ್ಯಾರೆ ಆತು.” ಅಕ್ಕನ ಗಂಡನ ಮನೆಯ ಮಾತು ಅದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿ ಆಚೀಚೆ ಓಡಿ ಹಾಕುವುದು ಹೊಕ್ಕು.

ಹೋಲಿಕೆ ಎಲ್ಲಿಯವರೆಗೆ ಸರಿ

ಇಬ್ಬರನ್ನು ಎದುರು ಬದುರು ಇಟ್ಟು ತೀರ್ಮಾನ ಕೊಡುವುದು ಸುಲಭ, ತಪ್ಪೂ ಹೌದು. ತಂಗಿ ನಾಲ್ಕು ವರ್ಷ ಚಿಕ್ಕವರು, ನಾಳೆ ಅವರಿಗೂ ಬರಬಹುದು. ಎಪಿಒಇ ಬಿಟ್ಟು ಇನ್ನೂ ಹತ್ತಾರು ಸಣ್ಣ ಜೀನುಗಳ ಕೈವಾಡ ಇರುತ್ತದೆ, ಅವನ್ನು ನಾವು ನೋಡಿಲ್ಲ. ಹಾಗಾಗಿ ದೊಡ್ಡ ಗುಂಪುಗಳ ಲೆಕ್ಕ ಬೇಕು.

ಜೀನು ಮತ್ತು ಕಾಯಿಲೆ ಒಂದರ ಮೇಲೊಂದು ಬೀಳುವುದನ್ನು ಚೆನ್ನಾಗಿ ತೋರಿಸಿದ್ದು ಹೊನೊಲುಲುವಿನ ಜಪಾನಿ ಮೂಲದ ಗಂಡಸರ ಅಧ್ಯಯನ. 2002ರಲ್ಲಿ ಪ್ರಕಟವಾದ ಅದರ ಪ್ರಕಾರ ಸಕ್ಕರೆ ಕಾಯಿಲೆ ಮತ್ತು ಇ4 ಎರಡೂ ಇದ್ದವರಲ್ಲಿ ಅಲ್ಝೈಮರ್ ಅಪಾಯ, ಎರಡೂ ಇಲ್ಲದವರಿಗಿಂತ 5.5 ಪಟ್ಟು. ಅಕ್ಕನ 9.8 ಸಕ್ಕರೆಯನ್ನು ನಾನು ಈ ಕಣ್ಣಿನಿಂದ ನೋಡುತ್ತೇನೆ. ಇ4 ಇದ್ದವರ ಮಿದುಳಿನ ಸಣ್ಣ ರಕ್ತನಾಳಗಳ ಗೋಡೆ ಮೊದಲೇ ಸೋರಿಕೆಗೆ ಹತ್ತಿರ. ಅದರ ಮೇಲೆ ಇಪ್ಪತ್ತು ವರ್ಷ ಸಕ್ಕರೆ, ಇಪ್ಪತ್ತು ವರ್ಷ ಬಿಪಿ.

2019ರಲ್ಲಿ ಬ್ರಿಟನ್ನಿನಿಂದ 1,96,383 ಜನರ ಲೆಕ್ಕ ಬಂತು, ಎಲ್ಲರೂ 60 ದಾಟಿದವರು, ಸುಮಾರು ಎಂಟು ವರ್ಷ ಗಮನಿಸಿದ್ದು. ಜೀನಿನ ಅಪಾಯ ಹೆಚ್ಚಿರುವವರಲ್ಲೇ ಎರಡು ಗುಂಪು ನೋಡಿದರು. ಬೀಡಿ ಸಿಗರೇಟು ಇಲ್ಲದ, ಓಡಾಡುವ, ಹದವಾಗಿ ತಿನ್ನುವ, ಕುಡಿತ ಮಿತಿಯಲ್ಲಿರುವವರಲ್ಲಿ ನೂರಕ್ಕೆ 1.13 ಮಂದಿಗೆ ಡಿಮೆನ್ಶಿಯಾ. ಉಲ್ಟಾ ಬದುಕಿನವರಲ್ಲಿ 1.78. ಪತ್ರಿಕೆಗಳಲ್ಲಿ ‘ಜೀನನ್ನು ಗೆಲ್ಲಬಹುದು’ ಎಂದು ದೊಡ್ಡಕ್ಷರದಲ್ಲಿ ಬಂತು. ಅದೇ ವರ್ಷ ನೆದರ್‌ಲ್ಯಾಂಡ್ಸಿನ ರಾಟರ್‌ಡ್ಯಾಮ್ ಅಧ್ಯಯನ ಬೇರೆ ಮಾತು ಹೇಳಿತು: ಒಳ್ಳೆಯ ಬದುಕಿನ ಲಾಭ ಜೀನಿನ ಅಪಾಯ ಕಡಿಮೆ ಅಥವಾ ಮಧ್ಯಮ ಇದ್ದವರಲ್ಲಿ ಕಂಡಿತು, ಹೆಚ್ಚಿದ್ದವರಲ್ಲಿ ಕಾಣಲಿಲ್ಲ. ಇದು ಯಾವ ದೊಡ್ಡಕ್ಷರದಲ್ಲೂ ಬರಲಿಲ್ಲ. ತಂಗಿಯ ಮಗಳಿಗೆ ಎರಡನ್ನೂ ಹೇಳಿದೆ. ಒಂದನ್ನೇ ಹೇಳಿ ಕಳಿಸಿದ್ದರೆ ಆ ರಾತ್ರಿ ನಿದ್ದೆ ಬರುತ್ತಿತ್ತು, ಆದರೆ ಆಕೆ ಗೂಗಲ್ ಬಲ್ಲವಳು.

ನನಗೆ ಹೆಚ್ಚು ಭರವಸೆ ಕೊಡುವುದು ಫಿನ್ಲೆಂಡಿನ ಪ್ರಯೋಗ, ಏಕೆಂದರೆ ಅದು ಬರೀ ನೋಡಿದ್ದಲ್ಲ, ಮಾಡಿ ನೋಡಿದ್ದು. 60ರಿಂದ 77 ವಯಸ್ಸಿನ 1,260 ಜನ, ಎರಡು ವರ್ಷ. ಅರ್ಧ ಜನಕ್ಕೆ ಆಹಾರ, ವ್ಯಾಯಾಮ, ಬುದ್ಧಿಗೆ ಕಸರತ್ತು, ಬಿಪಿ ಸಕ್ಕರೆಯ ಮೇಲೆ ನಿಗಾ, ನಾಲ್ಕೂ ಒಟ್ಟಿಗೆ. ಉಳಿದವರಿಗೆ ಸಾಮಾನ್ಯ ಆರೋಗ್ಯ ಸಲಹೆ. 2015ರ ವರದಿಯಲ್ಲಿ ಮೊದಲ ಗುಂಪಿನ ಬುದ್ಧಿಶಕ್ತಿಯ ಅಂಕ ಮೇಲಿತ್ತು. 2018ರಲ್ಲಿ ಅದನ್ನೇ ಎಪಿಒಇ ಪ್ರಕಾರ ಬಿಡಿಸಿ ನೋಡಿದಾಗ ಇ4 ಇದ್ದವರಿಗೂ ಲಾಭ ಕಡಿಮೆಯಾಗಿರಲಿಲ್ಲ.

ಸಾಲಿಯ ಮಾತಿಗೆ ಬರೋಣ. ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ ಪಟ್ಟಿ ಮಾಡಿದ 14 ಅಪಾಯಗಳನ್ನು ನಿವಾರಿಸಿದರೆ ಜಗತ್ತಿನ ಡಿಮೆನ್ಶಿಯಾದಲ್ಲಿ ನೂರಕ್ಕೆ ಸುಮಾರು 45 ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದು. ಬಾಲ್ಯದಲ್ಲಿ ಓದು ತಪ್ಪುವುದು, ಕಿವುಡು, ಎಲ್‌ಡಿಎಲ್, ಬಿಪಿ, ಸಕ್ಕರೆ, ಒಂಟಿತನ ಎಲ್ಲ ಅದರಲ್ಲಿವೆ. ಅಕ್ಕನ ಕೇಸ್ ಪೇಪರಿನ ಮೇಲೆ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ, ಏಳಕ್ಕೆ ನಿಂತಿತು. ಅದರಲ್ಲಿ ಮೊದಲನೆಯದನ್ನು ಅವರ ಏಳನೇ ವಯಸ್ಸಿನಲ್ಲಿ ಬೇರೆಯವರು ತೀರ್ಮಾನಿಸಿದ್ದರು. ‘ಜೀವನಶೈಲಿ’ ಎಂಬ ಪದ ನನಗೆ ಅದಕ್ಕೇ ಅಷ್ಟಾಗಿ ಸೇರುವುದಿಲ್ಲ. ಮಗ್ಗದ ಸದ್ದು, ಗೇಟು ಹಾಕಿದ ಮನೆ, ಬಿಡಿಸಿದ ಸಾಲಿ, ಇವು ಆಕೆ ಆರಿಸಿಕೊಂಡ ಶೈಲಿಯೇ?

ಒಂದು ತೊಡಕೂ ಇದೆ, ಮುಚ್ಚಿಡಬಾರದು. ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ್ದು ಇದು: ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಬಂದಿತ್ತು, ಓದು ಬರಹ ಇಲ್ಲದವರಲ್ಲೂ ಹಾಗೇ. ನಮ್ಮ ಕಥೆಯಲ್ಲಿ ಎರಡು ಭಾಷೆಯವರು ಅಕ್ಕ! ಅಕ್ಕೋರಿಗೆ ಕನ್ನಡ ಬಿಟ್ಟು ಬೇರೆ ಬರುವುದಿಲ್ಲ. ಮರಾಠಿ ಇಲ್ಲದಿದ್ದರೆ ಅಕ್ಕನಿಗೆ ಅರವತ್ತೆರಡಕ್ಕೇ ಬರುತ್ತಿತ್ತೇನೋ. ಒಬ್ಬರ ಬದುಕನ್ನು ಎರಡು ಸಲ ನಡೆಸಿ ನೋಡಲಾಗುವುದಿಲ್ಲ.

ಹಾಸು ಕೂಡ ಕಲ್ಲಿನ ಗೆರೆಯಲ್ಲ ಎಂಬುದಕ್ಕೆ ಕೊಲಂಬಿಯಾದ ಒಬ್ಬ ಹೆಂಗಸಿನ ಉದಾಹರಣೆ ಕೊಡುತ್ತೇನೆ, 2019ರಲ್ಲಿ ಪ್ರಕಟವಾದದ್ದು. ಆಕೆಯಲ್ಲಿ ಪ್ರೆಸೆನಿಲಿನ್-1ರ ಆ ಖಚಿತ ದೋಷ ಇತ್ತು, ನಲವತ್ತರ ದಶಕದಲ್ಲೇ ಮರೆವು ಬರಬೇಕಿತ್ತು. ಎಪ್ಪತ್ತರ ದಶಕದವರೆಗೆ ಬರಲಿಲ್ಲ. ಆಕೆಯ ಎಪಿಒಇ ಜೀನಿನ ಎರಡೂ ಪ್ರತಿಗಳಲ್ಲಿ ‘ಕ್ರೈಸ್ಟ್‌ಚರ್ಚ್’ ಎಂಬ ಇನ್ನೊಂದು ಅಪರೂಪದ ಬದಲಾವಣೆ ಇತ್ತು. ಒಂದು ಜೀನು ಬರೆದದ್ದನ್ನು ಇನ್ನೊಂದು ಜೀನು ಮೂವತ್ತು ವರ್ಷ ತಡೆಹಿಡಿದಿತ್ತು.

ಕೋಣೆಯಲ್ಲಿದ್ದ ಇನ್ನೊಬ್ಬ ರೋಗಿ

ಇಷ್ಟೆಲ್ಲ ಮಾತು ನಡೆಯುವಾಗ ಮಗ ಬಾಗಿಲ ಹತ್ತಿರ ನಿಂತೇ ಇದ್ದ. ನಡುನಡುವೆ ಹೊರಗೆ ಹೋಗಿ ಉಗುಳಿ ಬರುತ್ತಿದ್ದ, ಬಾಯಲ್ಲಿ ಗುಟಕಾ. ನೀನೂ ಟೆಸ್ಟ್ ಮಾಡಿಸ್ತೀಯಾ ಅಣ್ಣಾ ಎಂದು ತಂಗಿಯ ಮಗಳು ಕೇಳಿದ್ದಕ್ಕೆ “ನನಗ ಬ್ಯಾಡವಾ ಅದು. ಬಂದಾಗ ನೋಡಿದರಾತು” ಅಂದ.

ನ್ಯಾಯವಾದ ಮಾತು. ಅಕ್ಕನ ಇ4 ಅವನಿಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ, ತಿಳಿಯದೆ ಇರುವ ಹಕ್ಕು ಅವನದು. ಸುಮ್ಮನೆ ಕುಳಿತುಕೊಳ್ಳಲು ಹೇಳಿ ತೋಳಿಗೆ ಪಟ್ಟಿ ಸುತ್ತಿದೆ. 164/102. ಐದು ನಿಮಿಷ ಬಿಟ್ಟು ಮತ್ತೆ ನೋಡಿದೆ, 160/100. ಬೆರಳು ಚುಚ್ಚಿ ಸಕ್ಕರೆ ನೋಡಿದರೆ ಉಂಡು ಮೂರು ತಾಸಾದ ಮೇಲೂ 212.

ಅಮಿಲಾಯ್ಡ್ ಮಿದುಳಿನಲ್ಲಿ ಕೂಡಲು ಶುರುವಾಗುವುದು ಮರೆವು ಕಾಣುವ ಹದಿನೈದು ಇಪ್ಪತ್ತು ವರ್ಷ ಮೊದಲು. ಮಧ್ಯವಯಸ್ಸಿನ ಬಿಪಿ ಮುಪ್ಪಿನ ಬಿಪಿಗಿಂತ ಡಿಮೆನ್ಶಿಯಾಕ್ಕೆ ಹೆಚ್ಚು ಕೆಟ್ಟದ್ದು. ಅಂದಮೇಲೆ ಆ ಕೋಣೆಯಲ್ಲಿ ಹೊತ್ತು ಮೀರದೆ ಇದ್ದದ್ದು ನಲವತ್ತಾರರ ಈ ಮನುಷ್ಯನಿಗೆ. ಇ4 ಇರಲಿ ಬಿಡಲಿ, ಬರೆಯುವ ಚೀಟಿ ಒಂದೇ. ಅಮೆರಿಕದ 9,361 ಜನರ ಪ್ರಯೋಗದಲ್ಲಿ ಮೇಲಿನ ಬಿಪಿಯನ್ನು 140ರ ಬದಲು 120ರ ಕೆಳಗೆ ತರಲು ಯತ್ನಿಸಿದ ಗುಂಪಿನಲ್ಲಿ, ಡಿಮೆನ್ಶಿಯಾಕ್ಕೆ ಮುಂಚಿನ ಹಂತದ ಮರೆವು ನೂರಕ್ಕೆ 19 ಭಾಗ ಕಡಿಮೆಯಾಗಿತ್ತು ಎಂದು 2019ರಲ್ಲಿ ವರದಿ ಬಂತು. ಡಿಮೆನ್ಶಿಯಾ ಕೂಡ ಕಡಿಮೆ ಕಂಡಿತು, ಆದರೆ ಲೆಕ್ಕಕ್ಕೆ ನಿಲ್ಲುವಷ್ಟಲ್ಲ.

“ಅವ್ವನ ಸಲುವಾಗಿ ಬಂದಿದ್ವಿ, ನನ್ನ ಹಿಡಕೊಂಡ್ರಿ,” ಎಂದು ಮಗ ಗೊಣಗಿದ. ಚೀಟಿ ಮಡಚಿ ಕಿಸೆಯಲ್ಲಿಟ್ಟುಕೊಂಡ.

ಆಮೇಲೆ ಮಾಡಿದ್ದು

ಅಕ್ಕನಿಗೆ ಕಿವಿ ಮಿಷನ್ನು ಕೊಡಿಸಿದೆವು. ಮೊದಲ ತಿಂಗಳು ಕಿತ್ತು ಕಿತ್ತು ಅಕ್ಕಿ ಡಬ್ಬಿಗೆ ಹಾಕಿದರು. ಸೊಸೆ ಅದಕ್ಕೊಂದು ದಾರ ಕಟ್ಟಿ ಕೊರಳಿಗೆ ಹಾಕಿದಳು, ಸರದಂತೆ. ನಿಂತಿತು. 977 ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2023ರಲ್ಲಿ ಹೊರಬಂದ ಪ್ರಯೋಗದಲ್ಲಿ ಕಿವಿ ಮಿಷನ್ನಿನಿಂದ ಒಟ್ಟು ಗುಂಪಿಗೆ ಲಾಭ ಕಾಣಲಿಲ್ಲ, ಆದರೆ ಬೇರೆ ಅಪಾಯಗಳೂ ಹೆಚ್ಚಿದ್ದವರಲ್ಲಿ ಬುದ್ಧಿ ಕುಸಿಯುವ ವೇಗ ಮೂರು ವರ್ಷದಲ್ಲಿ ನೂರಕ್ಕೆ 48 ಭಾಗ ತಗ್ಗಿತ್ತು. ಅಕ್ಕನ ವಿಷಯದಲ್ಲಿ ಕಾಯಿಲೆ ಈಗಾಗಲೇ ಬಂದುಬಿಟ್ಟಿದೆ, ನಾನು ಹಾಕಿಸಿದ್ದು ಮಾತು ಕೇಳಿಸಲಿ ಎಂದು.

ಸಕ್ಕರೆಯನ್ನು 7ಕ್ಕೆ ಇಳಿಸುವ ಹಟ ಮಾಡಲಿಲ್ಲ. ಮರೆವಿನವರಲ್ಲಿ ಸಕ್ಕರೆ ಕುಸಿದು ಬಿದ್ದರೆ ಅದೇ ಹೊಸ ಅನಾಹುತ. 8ರ ಆಸುಪಾಸು ಇರಲಿ ಎಂದು ಬಿಟ್ಟೆವು. ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ: ಜೋಳದ ರೊಟ್ಟಿ, ಕಾಳು ಪಲ್ಯ, ಹಕ್ಕರಕಿ, ಅಗಸಿ ಚಟ್ನಿಯ ಮನೆಗೆ ವಿದೇಶಿ ಆಹಾರಪಟ್ಟಿ ಬೇಕಿರಲಿಲ್ಲ. ಕೆಡಿಸಿದ್ದು ಸಂಜೆಯ ಫರಸಾಣ, ದಿನಕ್ಕೆ ಐದು ಕಪ್ ಸಕ್ಕರೆ ಚಹಾ, ಉಪ್ಪಿನಕಾಯಿ. ಅವನ್ನೇ ಕಡಿಮೆ ಮಾಡಿಸಿದೆ.

ನೀರಿನ ಕಡೆ ಹೋಗುವ ಹಂಬಲಕ್ಕೆ ಔಷಧ ಇರಲಿಲ್ಲ. ಗೇಟಿಗೆ ಬೀಗ ಹಾಕಿದ ವಾರ ಅಕ್ಕ ರಾತ್ರಿಯಿಡೀ ಗೇಟು ಬಡಿದರು. ದಾರಿ ಹುಡುಕಿದ್ದು ಮತ್ತೆ ಆಟೋದವನೇ. ಪ್ರತಿ ಸೋಮವಾರ ಸಂಜೆ ಅವರನ್ನೂ ತಂಗಿಯನ್ನೂ ಹಳೇ ಊರಿನ ಅಂಚಿಗೆ ಕರೆದುಕೊಂಡು ಹೋಗುತ್ತಾನೆ. ಅಕ್ಕ ಆಟೋದಿಂದ ಇಳಿದು ಒಂದಿಷ್ಟು ಹೊತ್ತು ನೀರು ನೋಡುತ್ತಾರೆ. “ಈ ವರ್ಷ ಮಳಿ ಭಾಳ ಆಗೈತಿ, ಇಳಿದ ಮ್ಯಾಲ ಬರೂಣು,” ಎಂದು ತಾವೇ ಹೇಳಿ ಆಟೋ ಹತ್ತುತ್ತಾರೆ. ಬೇಸಿಗೆಯಲ್ಲಿ ನೀರು ಹಿಂದೆ ಸರಿದು ನೆಲ ಕಂಡಾಗ ಏನು ಮಾಡುವುದು ಎಂದು ನಮಗೆಲ್ಲ ಚಿಂತೆ ಇತ್ತು. ಆಗ ಹೋಗಿ ನೋಡಿ, “ಯಾರೂ ಇಲ್ಲ, ಊರಿಗೆ ಹೋಗ್ಯಾರ” ಅಂದರಂತೆ.

ಈಗಿನ ಸ್ಥಿತಿ

ಅಕ್ಕನ ಅಂಕ ಈಗ 11. ಮಗನನ್ನು ಕೆಲವು ಸಲ ತಮ್ಮ ಎಂದು ಕರೆಯುತ್ತಾರೆ. ಸ್ನಾನ, ಸೀರೆ ಎರಡಕ್ಕೂ ಜೊತೆಗೆ ಜನ ಬೇಕು. ಕೈಗೆ ನೂಲು ಕೊಟ್ಟರೆ ಇನ್ನೂ ಸುತ್ತುತ್ತಾರೆ.

ತಂಗಿಯ ಮಗಳು ಪುಣೆಯಲ್ಲಿ ವರ್ಷಕ್ಕೊಮ್ಮೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಮಾಡಿಸಿ ವಾಟ್ಸಾಪಿನಲ್ಲಿ ಕಳಿಸುತ್ತಾಳೆ. ಜೀನಿನ ಕಾಗದ ಎಲ್ಲಿದೆ ಎಂದು ಕೇಳಿದೆ, ಕಪಾಟಿನಲ್ಲಿ ಎಲ್ಲೋ ಇದೆಯಂತೆ. ಮಗನ ಬಿಪಿ ಹೋದ ಸಲ 134/84, ಸಕ್ಕರೆಯ ಸರಾಸರಿ 7.2. ಗುಟಕಾ ಬಿಟ್ಟಿಲ್ಲ. ಬಿಟ್ಟಿದ್ದೀನಿ ಅನ್ನುತ್ತಾನೆ, ಹಲ್ಲು ಹೇಳುತ್ತದೆ.

ತಂಗಿಗೆ ನೆನಪಿನ ಪರೀಕ್ಷೆಯಲ್ಲಿ 30ಕ್ಕೆ 29. ಆದರೆ ಹೋದ ತಿಂಗಳು ನಾನು ಎರಡು ಸಲ ಹೇಳಿದ್ದನ್ನು ಮೂರನೇ ಸಲ ಕೇಳಿದರು. ಅನುಮಾನ ಬಂದು ಕಿವಿ ಪರೀಕ್ಷೆಗೆ ಕಳಿಸಿದೆ. ಎಡಗಿವಿ ಮಧ್ಯಮ, ಬಲಗಿವಿ ಸ್ವಲ್ಪ. ಮಿಷನ್ನು ಹಾಕಿಕೊಳ್ಳಿ ಅಕ್ಕೋರ ಎಂದೆ.

“ಅಯ್ಯ, ಇಷ್ಟಕ್ಕ ಅದ್ಯಾಕ್ರಿ? ಮುದುಕಿ ಹಂಗ ಕಾಣತೀನಿ,” ಎಂದರು. ಅಕ್ಕನ ಕೊರಳಿನ ದಾರ ಸರಿಮಾಡಿ, ಮಿಷನ್ನಿನ ಬ್ಯಾಟರಿ ಬದಲಿಸಿ, ಕೈ ಹಿಡಿದು ಎಬ್ಬಿಸಿದರು. ಸೋಮವಾರ ಅದು. ಹೊರಗೆ ಆಟೋ ನಿಂತಿತ್ತು.